ಹರಿವಾಸರ, ಮಿತಾಹಾರ ಮತ್ತು ದೇಹಾರೋಗ್ಯ



ಆಷಾಢ ಶುಕ್ಲ ಏಕಾದಶಿಯು ಸಮೀಪಿಸುತ್ತಿದೆ. ಅಂದು ಶ್ರೀಹರಿಯು ಯೋಗನಿದ್ರೆಗೆ ತೆರಳುವನೆಂದೂ, ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯವರೆಗೆ ಚಾತುರ್ಮಾಸ್ಯವೆಂದೂ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ವಿಷಯ. ಈ ಸಂದರ್ಭದಲ್ಲಿ ಏಕಾದಶಿಯ ಮಹಿಮೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ವಾಡಿಕೆಯಾಗಿ ಬಂದಿದೆ. ಈ ಸಲ ಹಾಗೆ ಬರೆಯುವ ಮೊದಲು, ಕಳೆದ ವರ್ಷ ನಾವೇ ಆಡಿದ ಮಾತೊಂದನ್ನು ತಿದ್ದಿಕೊಳ್ಳಬೇಕಾಗಿದೆ.

ಕಳೆದ ಚಾತುರ್ಮಾಸ್ಯದ ಆರಂಭದ ಉಪನ್ಯಾಸದಲ್ಲಿ, ಸಭೆಯ ಉತ್ಸಾಹವನ್ನು ಕಂಡು, ಏಕಾದಶಿಯನ್ನು ನಿಷ್ಠೆಯಿಂದ ಆಚರಿಸುವವನಿಗೆ ಮಧುಮೇಹವು ಬಾರದು, ಬಂದದ್ದಾದರೂ ನಿಲ್ಲದು ಎಂದು ನಾವು ಹೇಳಿದೆವು. ಕೇಳಿದವರು ತಲೆದೂಗಿದರು. ಅದರ ಮುಂದಿನ ಏಕಾದಶಿಯಂದು, ಎಪ್ಪತ್ತು ದಾಟಿದ ತಾಯಿಯೊಬ್ಬರು ಸಾಯಂಕಾಲದ ಭಜನೆಯ ಮಧ್ಯದಲ್ಲಿಯೇ ಕುಸಿದು ಬಿದ್ದರು. ಮೈಯೆಲ್ಲ ಬೆವರು, ಮಾತು ತೊದಲು, ಕೈನಡುಕ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುತ್ತಿದ್ದವರು ಅವರು. ಅಂದು ನಿರ್ಜಲ ಉಪವಾಸವಿದ್ದೂ, ಮಾತ್ರೆ ತಪ್ಪಬಾರದೆಂದು ಮನೆಯವರು ಹೇಳಿದ್ದರಿಂದ, ಬೆಳಗಿನ ತೀರ್ಥದೊಡನೆಯೇ ಅದನ್ನು ನುಂಗಿದ್ದರು. ಅವರ ಮಗನು ಪಾಕಶಾಲೆಗೆ ಓಡಿ ಸಕ್ಕರೆ ತಂದು ನೀರಿನಲ್ಲಿ ಕದಡಿ ಕುಡಿಸಿದನು. ಅದರಿಂದ ಪ್ರಾಣ ಉಳಿಯಿತು. ರಾತ್ರಿ ನಾವು ನೋಡಲು ಹೋದಾಗ ಆ ತಾಯಿಯು ಕಣ್ಣೀರಿಟ್ಟು, "ಆಚಾರ್ಯರೇ, ಐವತ್ತು ವರ್ಷ ಮಾಡಿದ ಏಕಾದಶಿ ಇವತ್ತು ಕೆಟ್ಟಿತಲ್ಲ" ಎಂದರು. ತಾವು ಸಾವಿನ ಬಾಗಿಲಿನಿಂದ ಹಿಂದಿರುಗಿದ್ದರ ಕಡೆಗೆ ಅವರ ಲಕ್ಷ್ಯವೇ ಇರಲಿಲ್ಲ. ವ್ರತ ಕೆಟ್ಟಿತೆಂಬುದೊಂದೇ ಅವರ ದುಃಖ.

ಆ ಮಾತು ನಮ್ಮನ್ನು ಬಹುಕಾಲ ಕಾಡಿತು. ವ್ರತ ಕೆಟ್ಟಿತೇ? ಉಪವಾಸದಿಂದ ದೇಹಕ್ಕೆ ಆಗುವುದಾದರೂ ಏನು? ಶಾಸ್ತ್ರಗ್ರಂಥಗಳನ್ನೂ ಮತ್ತೊಮ್ಮೆ ತೆರೆದು ನೋಡಿದೆವು. ವೈದ್ಯರಾದ ನಮ್ಮ ಭಕ್ತರನ್ನೂ ಕೇಳಿ ತಿಳಿದೆವು. ಅದರ ಫಲವೇ ಈ ಲೇಖನ.

ಮೊದಲು ಶಾಸ್ತ್ರದ ವಿಧಿ. ಉಪವಾಸ ಎಂಬ ಶಬ್ದಕ್ಕೆ ಸಮೀಪದಲ್ಲಿ ವಾಸಿಸುವುದು ಎಂದರ್ಥ. ಪಾಪಗಳಿಂದ ಹಿಂದಿರುಗಿ, ಭೋಗಗಳನ್ನು ದೂರವಿರಿಸಿ, ಭಗವಂತನ ಗುಣಗಳ ಸನ್ನಿಧಿಯಲ್ಲಿರುವುದೇ ಉಪವಾಸವು. ಹೊಟ್ಟೆಯನ್ನು ಬರಿದಾಗಿಡುವುದು ಅದಕ್ಕೆ ಅಂಗ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ದಶಮೀವೇಧವಿಲ್ಲದ ಶುದ್ಧ ಏಕಾದಶಿಯ ನಿರ್ಣಯವನ್ನು ಅಷ್ಟು ವಿಸ್ತಾರವಾಗಿ ಮಾಡಿರುವುದು ಹರಿಪ್ರೀತಿಗಾಗಿಯೇ ಹೊರತು ಮೈಯ ಕೊಬ್ಬನ್ನು ಇಳಿಸುವುದಕ್ಕಾಗಿ ಅಲ್ಲ. ಆರೋಗ್ಯವು ಬಂದರೆ ಅದು ಆನುಷಂಗಿಕ ಫಲ. ಮಾವಿನ ಮರವನ್ನು ಹಣ್ಣಿಗಾಗಿ ನೆಟ್ಟವನಿಗೆ ನೆರಳೂ ದೊರೆಯುವಂತೆ. ನಾವು ಕಳೆದ ವರ್ಷ ಮಾಡಿದ ತಪ್ಪೆಂದರೆ ನೆರಳನ್ನು ತೋರಿಸಿ ಮರವನ್ನು ಮಾರಲು ಹೊರಟದ್ದು.

ಈ ವ್ರತವು ಮೂರು ದಿನಗಳದ್ದೆಂಬುದನ್ನು ಇಂದು ಅನೇಕರು ಮರೆತಿದ್ದಾರೆ. ದಶಮಿಯಂದು ಒಂದೇ ಹೊತ್ತು ಊಟ, ರಾತ್ರಿ ಇಲ್ಲ. ಏಕಾದಶಿಯಂದು ಎರಡು ಹೊತ್ತೂ ಇಲ್ಲ. ದ್ವಾದಶಿಯಂದು ಪ್ರಾತಃಕಾಲ ಪಾರಣೆ, ಮತ್ತೆ ರಾತ್ರಿ ಇಲ್ಲ. ಹೀಗೆ ಮೂರು ದಿನಗಳ ಆರು ಊಟಗಳಲ್ಲಿ ನಾಲ್ಕನ್ನು ಬಿಡತಕ್ಕದ್ದು. ದಶಮಿಯ ಮಧ್ಯಾಹ್ನ ಒಂದು ಗಂಟೆಗೆ ಉಂಡವನು ದ್ವಾದಶಿಯ ಬೆಳಿಗ್ಗೆ ಏಳಕ್ಕೆ ಪಾರಣೆ ಮಾಡಿದರೆ ನಡುವೆ 42 ಗಂಟೆಗಳಾದವು. ವರ್ಷಕ್ಕೆ 24 ಏಕಾದಶಿಗಳು; ಅಧಿಕಮಾಸ ಬಂದಾಗ 26.

ಈ 42 ಗಂಟೆಗಳಲ್ಲಿ ದೇಹದೊಳಗೆ ನಡೆಯುವುದೇನು? ಉಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಹೆಚ್ಚಾದದ್ದನ್ನು ಯಕೃತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅದು ಸುಮಾರು 100 ಗ್ರಾಂ ಮಾತ್ರ. ಮನೆಯ ನಿತ್ಯಖರ್ಚಿಗೆ ಡಬ್ಬಿಯಲ್ಲಿಟ್ಟ ಅಕ್ಕಿಯಂತೆ. ಊಟ ನಿಂತು ಅರ್ಧ ದಿನ ಕಳೆಯುವ ವೇಳೆಗೆ ಈ ಡಬ್ಬಿ ಬರಿದಾಗತೊಡಗುತ್ತದೆ, ಒಂದು ಒಂದೂವರೆ ದಿನದೊಳಗೆ ಬಹುಪಾಲು ಮುಗಿಯುತ್ತದೆ. ಆಗ ದೇಹವು ಕಣಜದ ಬಾಗಿಲನ್ನು ತೆರೆಯುತ್ತದೆ. ಅಂದರೆ, ಕೂಡಿಟ್ಟ ಕೊಬ್ಬು ಕರಗಿ, ಯಕೃತ್ತಿನಲ್ಲಿ ಕೀಟೋನ್ ಎಂಬ ದ್ರವ್ಯಗಳಾಗಿ ಮಾರ್ಪಟ್ಟು, ಮೆದುಳಿಗೂ ಹೃದಯಕ್ಕೂ ಆಹಾರವಾಗುತ್ತದೆ. ಇನ್ಸುಲಿನ್ ಇಳಿಯುತ್ತದೆ. ಏಕಾದಶಿಯ ರಾತ್ರಿ ಜಾಗರಣೆಯಲ್ಲಿ ಕುಳಿತ ಹಳಬರು, ಸಂಜೆಗಿದ್ದ ಹಸಿವು ಅರ್ಧರಾತ್ರಿಗೆ ಇರುವುದಿಲ್ಲ, ಮನಸ್ಸು ಹಗುರಾಗುತ್ತದೆ ಎನ್ನುವುದುಂಟು. ದೇಹವು ಡಬ್ಬಿಯಿಂದ ಕಣಜಕ್ಕೆ ತಿರುಗಿಕೊಂಡ ಹೊತ್ತು ಅದೇ.

ಇನ್ನೊಂದು ಸಂಗತಿ. ಜೀವಕೋಶವು ತನ್ನೊಳಗಿನ ಹಳೆಯ, ಮುರಿದ ಭಾಗಗಳನ್ನು ತಾನೇ ಜೀರ್ಣಿಸಿಕೊಂಡು ಹೊಸದಕ್ಕೆ ಬಳಸಿಕೊಳ್ಳುವ ಕ್ರಮವೊಂದುಂಟು. ಅದರ ರಹಸ್ಯವನ್ನು ಬಿಡಿಸಿದ್ದಕ್ಕಾಗಿ ಜಪಾನಿನ ಯೋಶಿನೋರಿ ಓಸುಮಿ ಎಂಬ ವಿಜ್ಞಾನಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಂದಿನಿಂದ ಏಕಾದಶಿಗೇ ನೊಬೆಲ್ ಬಂದಿತೆಂದು ನಮ್ಮವರಲ್ಲಿ ಕೆಲವರು ಸಾರುತ್ತಿದ್ದಾರೆ. ಸತ್ಯವಾದ ಧರ್ಮಕ್ಕೆ ಉತ್ಪ್ರೇಕ್ಷೆಯ ಆಸರೆ ಬೇಕಾಗಿಲ್ಲ. ಆತನು ಉಪವಾಸವಿಟ್ಟದ್ದು ಹಿಟ್ಟು ಹುದುಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು. ಆ ಕ್ರಮವು ಮನುಷ್ಯರಲ್ಲಿಯೂ ಇದೆ. ಆದರೆ ಇಷ್ಟು ಗಂಟೆ ಹಸಿದರೆ ಇಂತಿಷ್ಟು ರೋಗ ಹೋಗುವುದೆಂದು ಆ ಸಂಶೋಧನೆಯು ಹೇಳುವುದಿಲ್ಲ.

ಕಡಿಮೆ ಉಣ್ಣುವುದರ ಪ್ರಯೋಜನಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರಗಳಿವೆ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕೇ ಎಂಬ ವಿದ್ವಾಂಸರು, ಲವಣ ಜೀವಸತ್ತ್ವಗಳಿಗೆ ಕೊರತೆಯಾಗದಂತೆ ಆಹಾರದ ಪ್ರಮಾಣವನ್ನು ಮಾತ್ರ ಕಡಿಮೆ ಮಾಡಿ ಸಾಕಿದ ಇಲಿಗಳು ಹೆಚ್ಚು ಕಾಲ ಬದುಕಿದುದನ್ನು ಪ್ರಕಟಿಸಿದರು. ಇಲಿಯ ಮಾತು ಮನುಷ್ಯನಿಗೆ ಸಲ್ಲುವುದೇ ಎಂದು ಕೇಳಬಹುದು. ಅದಕ್ಕೆಂದೇ ಅಮೆರಿಕದಲ್ಲಿ 218 ಮಂದಿಯನ್ನು ಆರಿಸಿ ಎರಡು ವರ್ಷ ಪರೀಕ್ಷಿಸಿದರು. 2015ರಲ್ಲಿ ಅದರ ವಿವರಗಳು ಹೊರಬಂದವು. ಇವರಾರೂ ಬೊಜ್ಜಿನವರಲ್ಲ. ಅವರಲ್ಲಿ ಒಂದು ಗುಂಪಿನವರು ನೂರಕ್ಕೆ 25 ಪಾಲು ಆಹಾರ ಬಿಡಬೇಕೆಂದು ಸಂಕಲ್ಪ; ಅವರಿಂದ ಬಿಡಲಾದದ್ದು ಸುಮಾರು 12 ಪಾಲು. ಅಷ್ಟರಿಂದಲೇ ತೂಕವು ಹತ್ತನೆಯ ಒಂದು ಭಾಗದಷ್ಟು ಇಳಿಯಿತು. ರಕ್ತದೊತ್ತಡವೂ ಕೆಟ್ಟ ಕೊಲೆಸ್ಟರಾಲೂ ತಗ್ಗಿದವು. ಮೂಳೆಯ ಸಾಂದ್ರತೆಯೂ ಸ್ವಲ್ಪ ತಗ್ಗಿತೆಂಬುದನ್ನು ಮುಚ್ಚಿಡಬಾರದು. ವಯಸ್ಸಾದವರು ಇದನ್ನು ಗಮನಿಸತಕ್ಕದ್ದು.

ಇದನ್ನು ಓದಿದಾಗ ನಮಗೊಂದು ಲೆಕ್ಕ ಹೊಳೆಯಿತು. ದಿನಕ್ಕೆ ಎರಡು ಊಟದಂತೆ ಚಾಂದ್ರಮಾನ ವರ್ಷದ 354 ದಿನಗಳಿಗೆ 708 ಊಟಗಳು. 24 ಏಕಾದಶಿಗಳನ್ನು ವಿಧಿಯಂತೆ ಆಚರಿಸಿದರೆ ಬಿಡುವ ಊಟಗಳು 96. ನೂರಕ್ಕೆ ಹದಿಮೂರಕ್ಕಿಂತ ತುಸು ಹೆಚ್ಚು! ಆ 218 ಮಂದಿಯಲ್ಲಿ ವ್ರತಹಿಡಿದವರು ವೈದ್ಯರ ಕಾವಲಿನಲ್ಲಿ ಸಾಧಿಸಿದ್ದಕ್ಕೆ ಇದು ಎಷ್ಟು ಸಮೀಪ! ನಮ್ಮ ಅಜ್ಜಿಯರು ಪಂಚಾಂಗ ನೋಡಿಕೊಂಡು ಜೀವಮಾನವಿಡೀ ಇದನ್ನು ನಡೆಸಿದರು. ಆದರೆ ಈ ಲೆಕ್ಕ ನಿಲ್ಲಬೇಕಾದರೆ ಒಂದು ನಿಬಂಧನೆಯುಂಟು. ಬಿಟ್ಟ ಊಟವನ್ನು ಬೇರೆ ದಾರಿಯಿಂದ ತುಂಬಿಕೊಳ್ಳಬಾರದು.

ಈಗ ಜಗತ್ತಿನಲ್ಲೆಲ್ಲ ಪ್ರಚಾರದಲ್ಲಿರುವ, ದಿನಕ್ಕೆ ಎಂಟು ಗಂಟೆಯೊಳಗೆ ಮಾತ್ರ ಉಂಡು ಉಳಿದ ಹದಿನಾರು ಗಂಟೆ ಹಸಿದಿರುವ ಕ್ರಮವನ್ನು ಚೀನಾದ ಗ್ವಾಂಗ್‌ಝೌ ನಗರದಲ್ಲಿ ಬೊಜ್ಜಿನ 139 ಮಂದಿಯ ಮೇಲೆ ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಎರಡು ಗುಂಪಿನವರಿಗೂ ಮಿತಾಹಾರ. ಒಂದು ಗುಂಪು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಣ್ಣಬೇಕು. ಇನ್ನೊಂದಕ್ಕೆ ಹೊತ್ತಿನ ಕಟ್ಟಿಲ್ಲ. ಮೊದಲನೆಯವರು ಸರಾಸರಿ 8 ಕಿಲೋ, ಎರಡನೆಯವರು 6.3 ಕಿಲೋ ಇಳಿದರು. ಇದು ಗಣನೀಯ ವ್ಯತ್ಯಾಸವಲ್ಲವೆಂದು ಅವರೇ ತೀರ್ಮಾನಿಸಿದರು. ಗಡಿಯಾರಕ್ಕಿಂತ ಎಲೆಯ ಮೇಲಿನ ಪ್ರಮಾಣವೇ ಮುಖ್ಯವೆಂದಾಯಿತು.

ಇಲ್ಲಿ ನಮ್ಮ ಏಕಾದಶಿಯ ಫಲಾಹಾರವನ್ನು ಕುರಿತು ಒಂದು ಮಾತು ಹೇಳದಿದ್ದರೆ ಆತ್ಮವಂಚನೆಯಾದೀತು. ಅನ್ನ ಬಿಟ್ಟೆವೆಂಬ ಧೈರ್ಯದಿಂದ ಬೆಳಿಗ್ಗೆ ಸಬ್ಬಕ್ಕಿ, ಮಧ್ಯಾಹ್ನ ಗೋಧಿಯ ಉಪ್ಪಿಟ್ಟು, ಸಂಜೆ ಆಲೂಗಡ್ಡೆ ಹುರಿದದ್ದು, ನಡುನಡುವೆ ಕಡಲೆಕಾಯಿ. ಈ ಫಲಾಹಾರದಲ್ಲಿ ಹೆಸರನ್ನು ಬಿಟ್ಟರೆ ಫಲವೆಲ್ಲಿದೆ? ಸಬ್ಬಕ್ಕಿಯು ಬಹುತೇಕ ಶುದ್ಧ ಪಿಷ್ಟ. ತಿಂದೊಡನೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅದನ್ನು ತುಪ್ಪ ಕಡಲೆಕಾಯಿಗಳೊಡನೆ ತಟ್ಟೆ ತುಂಬ ತಿಂದವನು ಸಾಧಾರಣ ದಿನದ ಸಾರು ಅನ್ನಕ್ಕಿಂತ ಹೆಚ್ಚನ್ನೇ ತಿಂದಿರುತ್ತಾನೆ. ದಶಮಿಯ ರಾತ್ರಿ, ನಾಳೆ ಇಲ್ಲವಲ್ಲ ಎಂದು ಹತ್ತು ಗಂಟೆಗೆ ದೋಸೆ ಹಾಕಿಸಿಕೊಳ್ಳುವವರೂ ಉಂಟು. ದ್ವಾದಶಿಯ ಪಾರಣೆಯು ಭೂರಿಭೋಜನವಾಗುವುದಂತೂ ಸರಿಯೇ ಸರಿ. ಇಂತಹ ಏಕಾದಶಿಯಿಂದ ಆರೋಗ್ಯವನ್ನು ನಿರೀಕ್ಷಿಸುವುದು ಹೇಗೆ?

ಹಳೆಯ ಪಾರಣೆಯ ಕ್ರಮವು ಎಷ್ಟು ಯುಕ್ತವಾದದ್ದು! ಮೊದಲು ತೀರ್ಥ. ಅನಂತರ ಮೆತ್ತಗಿನ ಅನ್ನ. ಹಲವು ಮನೆಗಳಲ್ಲಿ ನೆಲ್ಲಿಕಾಯಿ, ಅಗಸೆ ಸೊಪ್ಪು. ಒಂದೂವರೆ ದಿನಕ್ಕಿಂತ ಹೆಚ್ಚು ಕಾಲ ವಿಶ್ರಾಂತಿಯಲ್ಲಿದ್ದ ಜಠರಕ್ಕೆ ಕರಿದದ್ದು, ಖಾರದ್ದು ಬಿದ್ದರೆ ಅದು ಮುನಿಯದೇ ಇರುತ್ತದೆಯೇ?

ಇನ್ನು ಕಾಫಿ. ಏಕಾದಶಿಯ ಮಧ್ಯಾಹ್ನದ ತಲೆನೋವಿನಿಂದ ನರಳಿ, ಉಪವಾಸ ತಮಗೆ ಒಗ್ಗದು ಎಂದು ಕೈಬಿಟ್ಟ ಗೃಹಸ್ಥರನ್ನು ನಾವು ಬಲ್ಲೆವು. ಬಹುಪಾಲು ಅದು ಹಸಿವಿನ ತಲೆನೋವಲ್ಲ, ಕಾಫಿ ತಪ್ಪಿದ ತಲೆನೋವು. ದಿನವೂ ಕುಡಿಯುವವನಿಗೆ ಕಾಫಿ ನಿಂತ 12 ರಿಂದ 24 ಗಂಟೆಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆಂದು ವೈದ್ಯರು ಹೇಳುತ್ತಾರೆ. ಅಷ್ಟಮಿಯಿಂದಲೇ ಲೋಟವನ್ನು ಚಿಕ್ಕದು ಮಾಡುತ್ತಾ ಬಂದರೆ ಈ ಬಾಧೆ ತಪ್ಪುತ್ತದೆ. ಅನ್ನ ಬಿಟ್ಟೇವು, ಕಾಫಿ ಬಿಡೆವು ಎಂದು ಅದಕ್ಕೊಂದು ವಿನಾಯಿತಿಯನ್ನು ತಾವೇ ದಯಪಾಲಿಸಿಕೊಂಡವರಿಗೆ ನಾವೇನು ಹೇಳೋಣ! ಆ ವಿನಾಯಿತಿಯು ಯಾವ ಸ್ಮೃತಿಯಲ್ಲಿದೆಯೆಂದು ಅವರೇ ತೋರಿಸಬೇಕು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ನಮ್ಮ ಸಭೆಗಳಲ್ಲಿ ಪ್ರತಿ ಸಾಲಿನಲ್ಲಿಯೂ ಅವರಿದ್ದಾರೆಂದೇ ತಿಳಿಯಬೇಕು. ಮಧುಮೇಹದ ಮಾತ್ರೆಗಳೆಲ್ಲ ಒಂದೇ ಬಗೆಯವಲ್ಲ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ನನ್ನು ಹೊರಡಿಸಿ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಹೊಟ್ಟೆಯಲ್ಲಿ ಏನೂ ಇಲ್ಲದಾಗ ಅದು ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಹೀಗೆಯೇ. ಹಾಗೆಂದು ವೈದ್ಯರನ್ನು ಕೇಳದೆ ತಾವೇ ಔಷಧವನ್ನು ನಿಲ್ಲಿಸುವುದೂ ಸಲ್ಲದು. ವ್ರತಕ್ಕೆ ಮೊದಲೇ ಅವರಿಗೆ 42 ಗಂಟೆಗಳ ಲೆಕ್ಕವನ್ನು ಸ್ಪಷ್ಟವಾಗಿ ತಿಳಿಸಿ, ಏನು ಬದಲಿಸಬೇಕೆಂದು ಕೇಳಿಕೊಳ್ಳತಕ್ಕದ್ದು. ಬರೀ ಒಂದು ಹೊತ್ತಿನ ಉಪವಾಸವೆಂದು ವೈದ್ಯರು ಭಾವಿಸಬಾರದು. ಪಂಚಾಂಗದಲ್ಲಿ ಅತಿರಿಕ್ತ ಉಪವಾಸ ಬಂದರೆ ಇನ್ನೊಂದು ದಿನವೇ ಸೇರುತ್ತದೆ.

ಬೆವರು, ನಡುಕ, ತೊದಲು, ಮಂಕು ಕಂಡರೆ, ಅಥವಾ ಪರೀಕ್ಷೆಯಲ್ಲಿ ಸಕ್ಕರೆಯು 70ಕ್ಕಿಂತ ಕೆಳಗಿದ್ದರೆ, ಮುಹೂರ್ತವನ್ನೂ ತಿಥಿಯನ್ನೂ ನೋಡದೆ ಮೂರು ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮೂತ್ರಪಿಂಡದ ಕಾಯಿಲೆಯವರು, ಮೂತ್ರಕೋಶದ ಕಲ್ಲಿನವರು, ಜಠರದ ಹುಣ್ಣಿನವರು, ಗರ್ಭಿಣಿಯರು, ಎಳೆಗೂಸಿಗೆ ಹಾಲೂಡುವ ತಾಯಂದಿರು ನಿರ್ಜಲಕ್ಕೆ ಕೈಹಾಕಬಾರದು. ಉಪವಾಸದಲ್ಲಿ ರಕ್ತದ ಯೂರಿಕ್ ಆಮ್ಲವು ಏರುವುದರಿಂದ ಆ ಬಗೆಯ ಸಂಧಿವಾತವಿದ್ದವರೂ ಕೇಳಿ ನಡೆಯತಕ್ಕದ್ದು. ರಾಯಚೂರು ಕಲಬುರಗಿಗಳ ಕಡೆ ವೈಶಾಖದಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ವೃದ್ಧರು ನೀರಿಲ್ಲದೆ ಇಡೀ ದಿನ ಕಳೆಯುವುದು ಯುವಕರು ಕಳೆದಂತಲ್ಲ.

ಇದಕ್ಕೆ ಶಾಸ್ತ್ರದ ಸಮ್ಮತಿಯುಂಟೇ? ಎಂಟು ವರ್ಷ ದಾಟಿದ, ಎಂಬತ್ತು ತುಂಬದವರಿಗೆಂದು ಧರ್ಮಶಾಸ್ತ್ರವು ಏಕಾದಶಿಗೆ ವಯಸ್ಸಿನ ಎಲ್ಲೆಯನ್ನೇ ಹಾಕಿದೆ. ದೇಹದ ಶಕ್ತಿಯನ್ನು ಅದು ಮರೆತಿಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ ಎಂಬ ಎಂಟು ವ್ರತವನ್ನು ಕೆಡಿಸುವುದಿಲ್ಲವೆಂದು ಮಹಾಭಾರತದಲ್ಲಿದೆ. ಇದು ಅಶಕ್ತರನ್ನು ಕುರಿತ ಅನುಕಲ್ಪವೇ ಹೊರತು ಗಟ್ಟಿಮುಟ್ಟಾದವರು ಆಶ್ರಯಿಸತಕ್ಕದ್ದಲ್ಲ. ಶಕ್ತರಾದವರಿಗೆ ನಿರ್ಜಲವೇ ಮುಖ್ಯ. ಈ ಅನುಕಲ್ಪದ ಕೊನೆಯಲ್ಲಿ ಔಷಧವಿದೆಯೆಂಬುದನ್ನು ಗಮನಿಸಬೇಕು. ಆ ಸಂಜೆ ಮಗನು ಕುಡಿಸಿದ ಸಕ್ಕರೆಯ ನೀರು ಔಷಧವಲ್ಲದೆ ಮತ್ತೇನು?

ಭಾಗವತದ ಅಂಬರೀಷನ ಕಥೆಯನ್ನು ನಾವು ಸುದರ್ಶನದ ಮಹಿಮೆಗಾಗಿ ಹೇಳುತ್ತೇವೆ. ಅದರ ನಡುವೆ ಇರುವ ಚಿಕ್ಕ ಸಂದರ್ಭವೊಂದನ್ನು ದಾಟಿ ಹೋಗುತ್ತೇವೆ. ದ್ವಾದಶಿಯು ಇನ್ನು ಅರ್ಧ ಮುಹೂರ್ತವಷ್ಟೇ ಉಳಿದಿದೆ. ಸ್ನಾನಕ್ಕೆಂದು ಯಮುನೆಗೆ ಹೋದ ದುರ್ವಾಸರು ಬಂದಿಲ್ಲ. ಉಂಡರೆ ಅತಿಥಿಗೆ ಅಪಚಾರ. ಉಣ್ಣದಿದ್ದರೆ ವ್ರತಕ್ಕೆ ಲೋಪ. ಧರ್ಮಸಂಕಟಕ್ಕೆ ಸಿಲುಕಿದ ರಾಜನು ತಾನೇ ನಿರ್ಣಯಿಸಲಿಲ್ಲ, ಬಲ್ಲವರನ್ನು ಕೇಳಿದನು. ನೀರು ಕುಡಿದರೆ ಉಂಡಂತೆಯೂ ಆಯಿತು, ಉಣ್ಣದಂತೆಯೂ ಆಯಿತು ಎಂದು ತಿಳಿದು ಜಲಪಾರಣೆ ಮಾಡಿದನು. ಆಮೇಲೆ ಋಷಿಯ ಕೋಪ ಬಂದಾಗ ಶ್ರೀಹರಿಯ ಚಕ್ರವು ಯಾರ ಪಕ್ಷ ವಹಿಸಿತು? ಮರುದಿನ ನಾವು ಆ ತಾಯಿಗೆ ಇದನ್ನೇ ಹೇಳಿದೆವು. "ಅಮ್ಮಾ, ನಿಮ್ಮ ಏಕಾದಶಿ ಕೆಡಲಿಲ್ಲ. ಕೆಟ್ಟದ್ದು ನಮ್ಮ ಉಪನ್ಯಾಸ" ಎಂದೆವು. ಅವರು ನಕ್ಕರು.

ಅಶಕ್ತರಿಗೂ ಶಕ್ತರಿಗೂ ಸಮಾನವಾಗಿ ಸಲ್ಲುವುದು ಉಳಿದ ದಿನಗಳ ಮಿತಾಹಾರ. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಎರಡೂ ಕಡೆಗೆ ಬೇಲಿ ಹಾಕಿದ್ದಾನೆ. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಗಾಳಿಯ ಸಂಚಾರಕ್ಕೆ ಎಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅಳತೆ ಕೊಟ್ಟಿದ್ದಾನೆ. ನಮ್ಮ ಪಂಕ್ತಿಗಳಲ್ಲಿ ಆ ನಾಲ್ಕನೆಯ ಪಾಲಿಗೆ ಜಾಗವೇ ಉಳಿಯುವುದಿಲ್ಲ. ಬಡಿಸುವವರ ಒತ್ತಾಯವು ಪ್ರೀತಿಯೇ ಸರಿ. ಆದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ಹೋಳಿಗೆಯನ್ನು ಬೆರಳ ಸಂದಿನಿಂದ ಜಾರಿಸುವ ಪ್ರೀತಿಯನ್ನು ಇನ್ನಾದರೂ ಬಿಡಬೇಕು. ಮಧುಮೇಹವಿದ್ದವರು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ.

ಚಾತುರ್ಮಾಸ್ಯದ ವ್ರತಗಳಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ತಿಂಗಳು ಶಾಕ, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ದ್ವಿದಳ ಧಾನ್ಯ. ಹೀಗೆ ಒಂದೊಂದಾಗಿ ಬಿಡುತ್ತೇವೆ. ಮೊಸರು ಬಿಟ್ಟಾಗ ಹಾಲು ಬೇಳೆಗಳುಂಟು. ಹಾಲು ಬಿಟ್ಟಾಗ ಮೊಸರು ಬೇಳೆಗಳುಂಟು. ಬೇಳೆ ಬಿಟ್ಟ ಕಾರ್ತಿಕದಲ್ಲಿ ಹಾಲು ಮೊಸರುಗಳೆರಡೂ ಹಿಂದಿರುಗಿರುತ್ತವೆ. ಶಾಕಾಹಾರಿಗಳಾದ ನಮಗೆ ದೇಹಪುಷ್ಟಿಯನ್ನು ಕೊಡುವ ಈ ಮೂರರಲ್ಲಿ ಎರಡು ಒಟ್ಟಿಗೆ ತಪ್ಪುವುದೇ ಇಲ್ಲ. ನಾಲಗೆಗೆ ಪ್ರತಿ ತಿಂಗಳೂ ಒಂದು ಕಡಿವಾಣ; ಶರೀರಕ್ಕೆ ಕೊರತೆಯಿಲ್ಲ.

ಆ ತಾಯಿಯು ಈಗ ವೈದ್ಯರನ್ನೂ ತಮ್ಮ ಗುರುಗಳನ್ನೂ ಕೇಳಿಕೊಂಡು, ಮಾತ್ರೆಯ ಕ್ರಮವನ್ನು ಬದಲಿಸಿಕೊಂಡು, ಏಕಾದಶಿಯಂದು ದೇವರಿಗೆ ನಿವೇದಿಸಿದ ಹಾಲು ಹಣ್ಣುಗಳನ್ನು ಹೇಳಿದ ಹೊತ್ತಿಗೆ ಸ್ವೀಕರಿಸುತ್ತಾರೆ. ಭಜನೆಗೆ ಎಂದಿನಂತೆ ಮುಂದಿನ ಸಾಲಿನಲ್ಲಿಯೇ ಕೂಡುತ್ತಾರೆ. ಸೆರಗಿನ ತುದಿಯಲ್ಲಿ ಒಂದು ಸಕ್ಕರೆಯ ಪೊಟ್ಟಣ ಗಂಟುಹಾಕಿಕೊಂಡಿರುತ್ತಾರೆ. ಮೊನ್ನೆ ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಹಿರಿಯರ ಕೈ ನಡುಗಿದ್ದನ್ನು ಕಂಡು, ಆ ಗಂಟನ್ನು ಬಿಚ್ಚಿದವರು ಅವರೇ.

ಶ್ರೀಕೃಷ್ಣಾರ್ಪಣಮಸ್ತು.